ರೋಮ್‌ನಿಂದ ನಮ್ಮ ಕಟ್ಟಡಗಳಿಗೆ ಬಂದದ್ದು ಕಂಬವೋ, ಕಮಾನಿನ ಲೆಕ್ಕವೋ?

ಒಳಗುಮ್ಮಟ (ಚರ್ಚೆ ಆರಂಭ)

ರೋಮನ್ ವಾಸ್ತುಶಿಲ್ಪದ ಪ್ರಭಾವ ಅಂತ ಹುಡುಕಿದರೆ ಎಲ್ಲ ಕಡೆ ಒಂದೇ ಪಟ್ಟಿ: ಕಮಾನು, ಗುಮ್ಮಟ, ಕಾಂಕ್ರೀಟ್, ಕಂಬ, ಕ್ರೀಡಾಂಗಣ. ಪಟ್ಟಿ ಸುಳ್ಳಲ್ಲ. ಆದರೆ ಬೇರೆ ಬೇರೆ ಜಾತಿಯ ಸಾಲಗಳನ್ನೆಲ್ಲ ಒಂದೇ ಖಾತೆಗೆ ಬರೆದುಬಿಟ್ಟಿದೆ. ಪೋರ್ಟಿಕೋ ಮುಂದೆ ಫೈಬರ್ ಅಚ್ಚು ಕಟ್ಟಿ ನಿಲ್ಲಿಸುವ ಕಂಬವೂ ರೋಮನ್ನೇ, ಚೀಲದಲ್ಲಿ ಬರುವ ಪಿಪಿಸಿ (ಬೂದಿ ಬೆರೆಸಿದ) ಸಿಮೆಂಟಿನೊಳಗಿನ ರಾಸಾಯನಿಕ ಕ್ರಿಯೆಯೂ ರೋಮನ್ನೇ. ಮೊದಲನೆಯದು ವೇಷ, ಎರಡನೆಯದು ವಿದ್ಯೆ.

ನನ್ನ ವಾದ ಇಷ್ಟು. ರೋಮನ್ನರಿಂದ ಬಂದ ದೊಡ್ಡ ಆಸ್ತಿ ಎರಡು: ಭಾರವನ್ನು ಒತ್ತಡದಲ್ಲೇ ನೆಲಕ್ಕೆ ಇಳಿಸುವ ಆಕಾರ, ಮತ್ತು ಸುಣ್ಣಕ್ಕೆ ಬೂದಿ ಬೆರೆಸಿ ಕಲ್ಲಾಗಿಸುವ ಬೆರಕೆ. ಇವೆರಡೂ ಒಟ್ಟಿಗೆ ಕಾಣುವ ಕಟ್ಟಡ ರೋಮ್‌ನ ಪ್ಯಾಂಥಿಯನ್. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಕ್ರಿ.ಶ. 125ರ ಸುಮಾರಿಗೆ ಎದ್ದು ನಿಂತದ್ದು. ಒಳವ್ಯಾಸ 43.3 ಮೀಟರ್, ನೆಲದಿಂದ ನೆತ್ತಿಗೂ ಅಷ್ಟೇ ಎತ್ತರ. ಒಳಗೆ ಒಂದು ಕಂಬಿ ಕಬ್ಬಿಣವಿಲ್ಲ. ಕಬ್ಬಿಣವಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇವತ್ತಿಗೂ ಅದೇ ದೊಡ್ಡದು.

ಅದು ನಿಂತಿರುವುದು ಹೇಗೆ, ನಮ್ಮ ಕಟ್ಟಡಗಳಲ್ಲಿ ಅದರ ಯಾವ ಭಾಗ ಇದೆ, ನಕಲು ಮಾಡುವಾಗ ಎಲ್ಲಿ ಕೆಡುತ್ತದೆ, ಗೊತ್ತಿರುವವರು ಅಂಕಿ ಸಮೇತ ಬರೆಯಿರಿ. "ಅದ್ಭುತ", "ಅಮೋಘ" ಬೇಡ.

ಭಾರಪಥ

ಹಾಗಾದರೆ ಪ್ಯಾಂಥಿಯನ್‌ನಿಂದಲೇ ಶುರು ಮಾಡೋಣ.

ಅರ್ಧಗೋಳದ ಗುಮ್ಮಟದಲ್ಲಿ ಎರಡು ಬಲಗಳು. ನೆತ್ತಿಯಿಂದ ಬುಡಕ್ಕೆ ಇಳಿಯುವ ಗೆರೆಯುದ್ದಕ್ಕೂ ಒತ್ತಡ. ಇದು ಎಲ್ಲ ಕಡೆ ಒತ್ತಡವೇ. ಇನ್ನೊಂದು, ಅಡ್ಡಲಾಗಿ ಬಳೆಯ ಹಾಗೆ ಸುತ್ತುವ ಬಲ. ನೆತ್ತಿಯ ಹತ್ತಿರ ಈ ಬಳೆ ಒತ್ತಿಕೊಳ್ಳುತ್ತದೆ. ನೆತ್ತಿಯಿಂದ ಸುಮಾರು 52 ಡಿಗ್ರಿ ಕೆಳಗಿಳಿದ ಮೇಲೆ ಹಿಗ್ಗತೊಡಗುತ್ತದೆ. ಕಾಂಕ್ರೀಟಿಗೆ ಎಳೆತ ತಾಳುವ ಶಕ್ತಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಪರಿಣಾಮ, ಕೆಳಭಾಗ ಮೇಲಿಂದ ಕೆಳಕ್ಕೆ ಸೀಳುತ್ತದೆ. ಪ್ಯಾಂಥಿಯನ್ ಗುಮ್ಮಟದ ಕೆಳಭಾಗ ನಿಜಕ್ಕೂ ಹಾಗೆಯೇ ಸೀಳಿದೆ. ಸುಲಿದ ಕಿತ್ತಳೆಯ ತೊಳೆಗಳ ಹಾಗೆ ಅಂದುಕೊಳ್ಳಿ.

ಸೀಳಿದರೂ ಬೀಳಲಿಲ್ಲ ಯಾಕೆ? ಸೀಳಿದ ಮೇಲೆ ಅದು ಬಳೆಗಳ ಗುಮ್ಮಟವಾಗಿ ಉಳಿಯಲಿಲ್ಲ. ಒಂದಕ್ಕೊಂದು ಎದುರಾಗಿ, ನೆತ್ತಿಯ ಉಂಗುರಕ್ಕೆ ಒರಗಿ ನಿಂತ ಕಮಾನುಗಳ ಗುಂಪಾಯಿತು. ಕಮಾನು ಬುಡದಲ್ಲಿ ಹೊರಕ್ಕೆ ನೂಕುತ್ತದೆ. ಆ ನೂಕನ್ನು ತಡೆಯುವುದು ಸುಮಾರು 6 ಮೀಟರ್ ದಪ್ಪದ ಸುತ್ತುಗೋಡೆ. ಹೊರಗಿನಿಂದ ನೋಡಿದರೆ ಗುಮ್ಮಟದ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಉಂಗುರಗಳು ಅಲಂಕಾರಕ್ಕಲ್ಲ. ಕಮಾನಿನ ಹೆಗಲ ಮೇಲೆ ಹೇರಿದ ತೂಕ ಅವು. ಹೆಗಲಿಗೆ ಭಾರ ಬಿದ್ದರೆ ಒತ್ತಡದ ದಾರಿ ಕೆಳಮುಖವಾಗಿ ಬಾಗಿ ಗೋಡೆಯೊಳಗೇ ಉಳಿಯುತ್ತದೆ.

ಇನ್ನು ತೂಕ ಇಳಿಸಿದ ಬಗೆ. ಬುಡದಲ್ಲಿ ಗುಮ್ಮಟದ ದಪ್ಪ 6.4 ಮೀಟರ್, ನೆತ್ತಿಯ ಬೆಳಕಿಂಡಿಯ ಸುತ್ತ 1.2 ಮೀಟರ್. ಜಲ್ಲಿಯೂ ಮೇಲಕ್ಕೆ ಹೋದಂತೆ ಬದಲಾಗುತ್ತದೆ. ಪಾಯದಲ್ಲಿ ಟ್ರಾವರ್ಟೈನ್ ಎಂಬ ಭಾರದ ಸುಣ್ಣಕಲ್ಲು, ಗೋಡೆಯಲ್ಲಿ ಟಫ್ (ಜ್ವಾಲಾಮುಖಿ ಬೂದಿ ಗಟ್ಟಿಯಾದ ಕಲ್ಲು) ಮತ್ತು ಇಟ್ಟಿಗೆ ಚೂರು, ನೆತ್ತಿಯಲ್ಲಿ ಹಗುರ ಟಫ್ ಮತ್ತು ನೀರಲ್ಲಿ ತೇಲುವ ಪ್ಯೂಮಿಸ್. ಸಾಂದ್ರತೆ ಪಾಯದಲ್ಲಿ ಘನ ಮೀಟರಿಗೆ ಸುಮಾರು 2200 ಕೆಜಿ, ನೆತ್ತಿಯಲ್ಲಿ ಸುಮಾರು 1350 ಕೆಜಿ. ನಮ್ಮ ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟ್) 2500.

ಗುಮ್ಮಟದ ಒಟ್ಟು ತೂಕ ಸುಮಾರು 4500 ಟನ್ ಎನ್ನುವುದು ಚಾಲ್ತಿಯಲ್ಲಿರುವ ಅಂದಾಜು. ಅದನ್ನು 6 ಮೀಟರ್ ದಪ್ಪದ ಗೋಡೆಗೆ ಹಂಚಿ ನೋಡಿ: ಚದರ ಸೆಂಟಿಮೀಟರಿಗೆ ಅರ್ಧ ಕೆಜಿ. ಗೋಡೆಯೊಳಗಿನ ಗೂಡುಗಳನ್ನು ಕಳೆದು ಗೋಡೆಯ ಸ್ವಂತ ತೂಕ ಸೇರಿಸಿದರೂ ಕೆಲವೇ ಕೆಜಿ. ಎಂ20 (ಮನೆ ಕೆಲಸದ ಸಾಮಾನ್ಯ ದರ್ಜೆಯ) ಕಾಂಕ್ರೀಟಿಗೆ ನಾವು 50 ಕೆಜಿ ತನಕ ಬಿಡುತ್ತೇವೆ. ಅಂದರೆ ಅಲ್ಲಿ ಗೆದ್ದದ್ದು ಕಾಂಕ್ರೀಟಿನ ಬಲ ಅಲ್ಲ, ಆಕಾರ.

ಕ್ಯೂರಿಂಗ್21

ಆದರೂ ರೋಮನ್ ಕಾಂಕ್ರೀಟ್ ನಮ್ಮದಕ್ಕಿಂತ ಗಟ್ಟಿ ಅನ್ನೋದು ಸತ್ಯ ಅಲ್ವಾ ಸರ್? 1900 ವರ್ಷ ನಿಂತಿದೆ. ನಮ್ಮದು 40 ವರ್ಷಕ್ಕೆ ಸೀಲಿಂಗ್ ಉದುರಿ ಕಂಬಿ ಹಲ್ಲು ಕಿಸಿಯುತ್ತೆ.

ಸುಣ್ಣದಗೂಡು

ಗಟ್ಟಿ ಬೇರೆ, ಬಾಳಿಕೆ ಬೇರೆ. ಒಡೆಯುವ ಯಂತ್ರಕ್ಕೆ ಇಟ್ಟರೆ ರೋಮನ್ ಕಾಂಕ್ರೀಟ್ ನಮ್ಮ ಮನೆ ತಾರಸಿಯ ಎಂ20ರ ಮುಂದೆ ಸೋಲುತ್ತದೆ. ಬಾಳಿಕೆಯಲ್ಲಿ ಗೆಲ್ಲುವುದಕ್ಕೆ ಮುಖ್ಯ ಕಾರಣ, ಅದರೊಳಗೆ ತುಕ್ಕು ಹಿಡಿಯುವ ವಸ್ತುವೇ ಇಲ್ಲ.

ಹೊಸ ಕಾಂಕ್ರೀಟಿನ ಪಿಎಚ್ 12.5ರ ಮೇಲಿರುತ್ತದೆ. ಆ ಕ್ಷಾರದಲ್ಲಿ ಕಂಬಿಗೆ ತುಕ್ಕು ಹಿಡಿಯುವುದಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷ ವರ್ಷ ಒಳಗಿಳಿದು ಪಿಎಚ್ ಅನ್ನು 9ರ ಹತ್ತಿರಕ್ಕೆ ತರುತ್ತದೆ. ಅದು ಕಂಬಿಯನ್ನು ಮುಟ್ಟಿದ ದಿನ ತುಕ್ಕು ಶುರು. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಕವರ್, ಅಂದರೆ ಕಂಬಿಯ ಮೇಲಿನ ಕಾಂಕ್ರೀಟ್ ಹೊದಿಕೆ, ಸಿಡಿಯುತ್ತದೆ. ಐಎಸ್ 456 (ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ) ಪ್ರಕಾರ ತಾರಸಿಗೆ ಕನಿಷ್ಠ 20 ಎಂಎಂ, ಪಿಲ್ಲರಿಗೆ 40, ಪಾಯಕ್ಕೆ 50 ಕವರ್ ಬೇಕು. ಕವರ್ ಬ್ಲಾಕ್ ಬದಲು ಜಲ್ಲಿಕಲ್ಲು ಇಟ್ಟು ಕಂಬಿ ಎತ್ತುವ ಸೈಟಿನಲ್ಲಿ 8-10 ಎಂಎಂ ಸಿಕ್ಕರೆ ಹೆಚ್ಚು. ನೀವು ಹೇಳಿದ ಹಲ್ಲು ಕಿಸಿಯುವ ಸೀಲಿಂಗ್ ಬಹುಪಾಲು ಅಲ್ಲಿಂದ ಹುಟ್ಟುತ್ತದೆ.

ಇನ್ನೊಂದು ಮಾತು. ಬಿದ್ದುಹೋದ ರೋಮನ್ ಕಟ್ಟಡಗಳನ್ನು ಯಾರೂ ಫೋಟೋ ತೆಗೆದು ಹಾಕುವುದಿಲ್ಲ.

ಈಗ ಬೆರಕೆ. ನೇಪಲ್ಸ್ ಹತ್ತಿರದ ಪುಟಿಯೋಲಿ ಊರಿನ ಸುತ್ತ ಸಿಗುವ ಜ್ವಾಲಾಮುಖಿ ಬೂದಿಗೆ ಪೊಝೊಲಾನಾ ಅಂತ ಹೆಸರು. ಆ ಬೂದಿಯ ಸಿಲಿಕಾ, ಅಲ್ಯೂಮಿನಾಗಳು ಸುಣ್ಣ ಮತ್ತು ನೀರಿನ ಜೊತೆ ಸೇರಿ ನೀರಲ್ಲೂ ಗಟ್ಟಿಯಾಗುವ ಅಂಟಾಗುತ್ತವೆ. ಬರೀ ಸುಣ್ಣದ ಗಾರೆ ಗಾಳಿ ತಾಗಿದರೆ ಮಾತ್ರ ಗಟ್ಟಿ. ಇದಕ್ಕೆ ಗಾಳಿ ಬೇಡ. ಬಂದರಿನ ಅಡಿಪಾಯ, 6 ಮೀಟರ್ ಗೋಡೆಯ ನಡುಭಾಗ, ಇವೆಲ್ಲ ಸಾಧ್ಯವಾದದ್ದು ಈ ಒಂದು ಗುಣದಿಂದ. ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಕೊಟ್ಟ ಪ್ರಮಾಣ: ನೀರೊಳಗಿನ ಕೆಲಸಕ್ಕೆ ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಈ ಬೂದಿ. ಹೊಳೆ ಅಥವಾ ಕಡಲ ಮರಳಾದರೆ ಒಂದಕ್ಕೆ ಎರಡು, ಅದಕ್ಕೆ ಮೂರನೇ ಒಂದು ಪಾಲು ಜರಡಿ ಹಿಡಿದ ಮಡಕೆ ಚೂರಿನ ಪುಡಿ ಸೇರಿಸಿದರೆ ಉತ್ತಮ.

ಆ ಕೊನೆಯ ಸಾಲು ಗಮನಿಸಿ. ಸುಟ್ಟ ಮಣ್ಣಿನ ಪುಡಿ. ನಮ್ಮಲ್ಲಿ ಅದಕ್ಕೆ ಸುರ್ಕಿ ಅಂತೀವಿ. 1911ರಲ್ಲಿ ಕೆಲಸ ಶುರುವಾದ ಕೃಷ್ಣರಾಜಸಾಗರ ಅಣೆಕಟ್ಟೆಯ ಕಲ್ಲುಗಳ ನಡುವೆ ಇರುವುದು ಸುಣ್ಣ-ಸುರ್ಕಿ ಗಾರೆ. ಇದನ್ನು ರೋಮ್ ನಮಗೆ ಕಲಿಸಿತು ಅಂತ ನಾನು ಹೇಳುತ್ತಿಲ್ಲ. ರಸಾಯನಶಾಸ್ತ್ರ ಒಂದೇ, ಅಷ್ಟೆ.

ಒಳಗುಮ್ಮಟ

ರೋಮನ್ನರು ಕಾಂಕ್ರೀಟನ್ನು ನಮ್ಮ ಹಾಗೆ ಸುರಿಯುತ್ತಿರಲಿಲ್ಲ ಎನ್ನುವುದನ್ನೂ ಸೇರಿಸಿ. ಮುಷ್ಟಿ ಗಾತ್ರದ ಕಲ್ಲುಚೂರುಗಳನ್ನು ಕೈಯಲ್ಲಿ ಸಾಲಾಗಿ ಹಾಸಿ, ಮೇಲೆ ದಪ್ಪ ಗಾರೆ ಹಾಕಿ, ಗುದ್ದಿ ಕೂರಿಸುವುದು. ಪದರದ ಮೇಲೆ ಪದರ. ಹಾಗಾಗಿಯೇ ನೆತ್ತಿಗೊಂದು ಜಲ್ಲಿ, ಬುಡಕ್ಕೊಂದು ಜಲ್ಲಿ ಅಂತ ಬದಲಾಯಿಸುವುದು ಅವರಿಗೆ ಸಲೀಸಾಯಿತು. ನೀರು ಕಡಿಮೆ, ಗುದ್ದು ಜಾಸ್ತಿ. ನಮ್ಮಲ್ಲಿ ಮಿಕ್ಸರ್‌ಗೆ ಇನ್ನೊಂದು ಬಕೆಟ್ ನೀರು ಸುರಿಯುವುದು ಕೆಲಸ ಹಗುರಾಗಲಿ ಅಂತ. ಆ ನೀರು ಆರಿದ ಜಾಗವೆಲ್ಲ ಆಮೇಲೆ ತೂತು.

ಕ್ಯೂರಿಂಗ್21

ರೋಮನ್ ಕಾಂಕ್ರೀಟ್ ತಾನೇ ಬಿರುಕು ಮುಚ್ಚಿಕೊಳ್ಳುತ್ತೆ ಅಂತಾರಲ್ಲ, ಅದು?

ಸುಣ್ಣದಗೂಡು

2023ರ ಜನವರಿಯಲ್ಲಿ ಎಂಐಟಿ ನೇತೃತ್ವದ ತಂಡ ಪ್ರಕಟಿಸಿದ್ದು. ಪ್ರಿವರ್ನಮ್ ಎಂಬ ಹಳೆಯ ಊರಿನ ಗೋಡೆಯ ತುಣುಕುಗಳಲ್ಲಿ ಸಣ್ಣ ಬಿಳಿ ಸುಣ್ಣದ ಹರಳುಗಳಿದ್ದವು. ಮೊದಲು ಇದನ್ನು ಸರಿಯಾಗಿ ಕಲಸದ ಕೆಲಸ ಅಂತ ತಿಳಿದಿದ್ದರು. ಅವರ ವಾದವೆಂದರೆ, ಅರಳಿಸಿದ ಸುಣ್ಣದ ಬದಲು ಅಥವಾ ಅದರ ಜೊತೆಗೆ ಸುಟ್ಟ ಸುಣ್ಣವನ್ನೇ ನೇರವಾಗಿ ಬೂದಿ, ನೀರಿನ ಜೊತೆ ಬಿಸಿಬಿಸಿಯಾಗಿ ಕಲಸುತ್ತಿದ್ದರು. ಆಗ ಉಳಿಯುವ ಹರಳುಗಳೇ ಇವು. ಬಿರುಕು ಈ ಹರಳನ್ನು ಹಾದು ಹೋಗುತ್ತದೆ, ನೀರು ಬಂದಾಗ ಸುಣ್ಣ ಕರಗಿ ಬಿರುಕಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೂರುತ್ತದೆ. ಪ್ರಯೋಗದಲ್ಲಿ ಅರ್ಧ ಎಂಎಂ ಬಿರುಕಿನಲ್ಲಿ ಹರಿಯುತ್ತಿದ್ದ ನೀರು ಎರಡು ವಾರದಲ್ಲಿ ನಿಂತಿತು.

ಅರ್ಧ ಎಂಎಂ ಎನ್ನುವುದನ್ನು ನೆನಪಿಡಿ. ಪ್ಯಾಂಥಿಯನ್ ಗುಮ್ಮಟದ ದೊಡ್ಡ ಸೀಳುಗಳು ಹೀಗೆ ಮುಚ್ಚಿಕೊಂಡಿಲ್ಲ.

ಮನೆ ಸೈಟಿನಲ್ಲಿ ಯಾರೂ ಈ ಬಿಸಿ ಕಲಸುವಿಕೆ ಪ್ರಯೋಗ ಮಾಡಬೇಡಿ. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕುದಿದು ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿ ಹೋದಂತೆಯೇ. ಅಲ್ಲದೆ ಅರಳದ ಹರಳು ಪ್ಲಾಸ್ಟರ್‌ನಲ್ಲಿ ಉಳಿದರೆ ತಿಂಗಳುಗಳ ನಂತರ ಅರಳಿ, ಗೋಡೆಯ ಮೇಲೆ ಕಾಳಿನಷ್ಟು ಗುಳಿ ಬೀಳಿಸುತ್ತದೆ. ದಪ್ಪ ಗೋಡೆಯ ಹೊಟ್ಟೆಯಲ್ಲಿ ವರವಾದದ್ದು 12 ಎಂಎಂ ಪ್ಲಾಸ್ಟರಿನಲ್ಲಿ ಶಾಪ.

ರೋಮನ್ ಬೆರಕೆಯ ನಿಜವಾದ ವಾರಸುದಾರ ಅಂಗಡಿಯಲ್ಲೇ ಇದ್ದಾನೆ: ಪಿಪಿಸಿ. ಅದರಲ್ಲಿ 15ರಿಂದ 35 ಶೇಕಡಾ ಹಾರುಬೂದಿ. ಜ್ವಾಲಾಮುಖಿಯ ಜಾಗದಲ್ಲಿ ಉಷ್ಣ ವಿದ್ಯುತ್ ಸ್ಥಾವರ ಕೂತಿದೆ, ಅಷ್ಟೇ ವ್ಯತ್ಯಾಸ. ಅದರ ದೋಷವೂ ರೋಮನ್ ಗಾರೆಯದೇ, ನಿಧಾನ. ಕ್ಯೂರಿಂಗ್ (ನೀರುಣಿಸಿ ಗಟ್ಟಿಯಾಗಿಸುವುದು) ಓಪಿಸಿಗೆ, ಅಂದರೆ ಬೂದಿ ಬೆರೆಸದ ಸಾದಾ ಸಿಮೆಂಟಿಗೆ, ಕನಿಷ್ಠ 7 ದಿನವಾದರೆ ಪಿಪಿಸಿಗೆ 10, ಬಿಸಿಲೂರಲ್ಲಿ 14. ಓಪಿಸಿ ಲೆಕ್ಕದಲ್ಲಿ ಸೆಂಟ್ರಿಂಗ್ (ಅಡಿಯ ಆಧಾರ) ಬಿಚ್ಚಿದರೆ ತಾರಸಿ ನಡುವಲ್ಲಿ ಜಗ್ಗುತ್ತದೆ, ಆಮೇಲೆ ಸಿಮೆಂಟ್ ಕಂಪನಿಯನ್ನು ಬೈಯುತ್ತಾರೆ.

ಸೊಲ್ಲಾಪುರ ರಸ್ತೆ

ವಿಜಯಪುರದ ಗೋಳಗುಮ್ಮಟವನ್ನೂ ರೋಮನ್ ಪ್ರಭಾವದ ಪಟ್ಟಿಗೆ ಸೇರಿಸಬಹುದಲ್ಲವೇ? ಹೊರವ್ಯಾಸ 44 ಮೀಟರ್. ಪ್ಯಾಂಥಿಯನ್ ಜೊತೆಗೆ ಸದಾ ಹೋಲಿಸುತ್ತಾರೆ.

ಭಾರಪಥ

ಹೋಲಿಸಬಹುದು, ಸೇರಿಸಬಾರದು. 1656ರಲ್ಲಿ ಮುಗಿದ ಗೋಳಗುಮ್ಮಟ ನಿಂತ ರೀತಿಯೇ ಬೇರೆ. ಪ್ಯಾಂಥಿಯನ್‌ನಲ್ಲಿ ದುಂಡು ಗೋಡೆಯ ಮೇಲೆ ದುಂಡು ಗುಮ್ಮಟ, ತಲೆನೋವಿಲ್ಲ. ಗೋಳಗುಮ್ಮಟದ ಕೋಣೆ ಚೌಕ, ಒಳಗೆ ಸುಮಾರು 41 ಮೀಟರ್ ಬದಿ. ಚೌಕದಿಂದ ದುಂಡಕ್ಕೆ ಹೋಗಲು ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳನ್ನು ಹೆಣೆದಿದ್ದಾರೆ. ಆ ಹೆಣಿಗೆ ಒಳಕ್ಕೆ ಚಾಚಿಕೊಂಡು ಗುಮ್ಮಟವನ್ನು ಹೊರುತ್ತದೆ. ಹೊರಕ್ಕೆ ನೂಕುವ ಗುಮ್ಮಟದ ಬುಡಕ್ಕೆ ಒಳಕ್ಕೆ ಎಳೆಯುವ ಭಾರ. ಈ ಜಾಣತನ ರೋಮನ್ನರದ್ದಲ್ಲ, ಪರ್ಷಿಯಾ-ದಖನಿ ಪರಂಪರೆಯದ್ದು. ಒಳಗಿನ ನೆಲದ ವಿಸ್ತೀರ್ಣ ಲೆಕ್ಕ ಹಾಕಿದರೆ ಗೋಳಗುಮ್ಮಟ ಸುಮಾರು 1700 ಚದರ ಮೀಟರ್, ಪ್ಯಾಂಥಿಯನ್ 1470ರ ಹತ್ತಿರ. ಹೆಮ್ಮೆಗೆ ಅಷ್ಟು ಸಾಕಲ್ಲ.

ಸೊಲ್ಲಾಪುರ ರಸ್ತೆ

ಸಾಕ್ರೀ. ಒಪ್ಪಿದೆ.

ಇಟ್ಟಿಗೆಸಾಲು

ಒಂದೇ ಮುಖಕ್ಕೆ ಬೇರೆ ಬೇರೆ ಅಸ್ಥಿಪಂಜರ ಹಾಕಿದ ಕಥೆ ಇನ್ನೂ ಸ್ವಾರಸ್ಯ.

ಥಾಮಸ್ ಜೆಫರ್ಸನ್ ವರ್ಜೀನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಪ್ಯಾಂಥಿಯನ್ನನ್ನೇ ಅರ್ಧ ಅಳತೆಗೆ ಇಳಿಸಿದ. ವ್ಯಾಸ 77 ಅಡಿ, 1826ರಲ್ಲಿ ಮುಗಿಯಿತು. ಆದರೆ ಗುಮ್ಮಟ ಮರದ್ದು: ಹಲಗೆ ತುಂಡುಗಳನ್ನು ಪದರವಾಗಿ ಜೋಡಿಸಿದ ಬಿಲ್ಲುಗಳು. 1895ರಲ್ಲಿ ಬೆಂಕಿಗೆ ಹೋಯಿತು. ಮತ್ತೆ ಕಟ್ಟುವಾಗ ಗುವಾಸ್ತಾವಿನೋ ಪದ್ಧತಿಯಲ್ಲಿ ತೆಳ್ಳನೆ ಸುಟ್ಟ ಹೆಂಚುಗಳನ್ನು ಪದರ ಪದರವಾಗಿ ಅಂಟಿಸಿ ಗುಮ್ಮಟ ಎಬ್ಬಿಸಿದರು. ಅದೇ ಆಕಾರ, ಬೆಂಕಿಗೆ ಜಗ್ಗದ ಮೈ.

ವಾಷಿಂಗ್ಟನ್ನಿನ ಕ್ಯಾಪಿಟಲ್ ಗುಮ್ಮಟ 1855ರಿಂದ 1866ರ ನಡುವಿನದು. ಕಲ್ಲಿನ ಹಾಗೆ ಕಾಣುತ್ತದೆ, ಪೂರಾ ಎರಕದ ಕಬ್ಬಿಣ, ಮೇಲೆ ಬಣ್ಣ. ತೂಕ ಸುಮಾರು 4000 ಟನ್.

ವೇಷಕ್ಕೆ ಅತಿ ದೊಡ್ಡ ಉದಾಹರಣೆ ನ್ಯೂಯಾರ್ಕಿನ ಹಳೆಯ ಪೆನ್ಸಿಲ್ವೇನಿಯಾ ಸ್ಟೇಷನ್, 1910. ಕಾಯುವ ಹಾಲ್ ರೋಮ್‌ನ ಕ್ಯಾರಕಲ್ಲಾ ಸ್ನಾನಗೃಹದ ಮಾದರಿ. ಮೂಲದಲ್ಲಿ ಕಮಾನು ಛಾವಣಿಯೇ ಭಾರ ಹೊತ್ತಿತ್ತು. ಇಲ್ಲಿ ಭಾರ ಹೊತ್ತದ್ದು ಉಕ್ಕಿನ ಚೌಕಟ್ಟು. ಕಮಾನು ಅದಕ್ಕೆ ತೂಗುಹಾಕಿದ ಪ್ಲಾಸ್ಟರ್. 1963ರಲ್ಲಿ ಕೆಡವಲು ಶುರು ಮಾಡಿದರು.

ಮೈಸೂರಿನ ಲಲಿತಮಹಲ್ ಕೂಡ ಈ ಸರಣಿಯ ಮೊಮ್ಮಗನೇ. 1921ರದ್ದು, ಲಂಡನ್ನಿನ ಸೇಂಟ್ ಪಾಲ್ಸ್ ನೋಡಿ ಮಾಡಿದ್ದು. ಸೇಂಟ್ ಪಾಲ್ಸ್‌ಗೆ ದಾರಿ ತೋರಿದ್ದು ರೋಮ್‌ನ ಸೇಂಟ್ ಪೀಟರ್ಸ್. ಸೇಂಟ್ ಪೀಟರ್ಸ್‌ಗೆ ಪ್ಯಾಂಥಿಯನ್. ಜೋಡಿಗಂಬಗಳು ಲಂಡನ್ ಸುತ್ತಿಕೊಂಡು ಚಾಮುಂಡಿ ಬೆಟ್ಟದ ತಪ್ಪಲಿಗೆ ಬಂದವು.

ಕಂಬಕಟ್ಟು

ಕಂಬವನ್ನು ಬರೀ ವೇಷ ಅಂತ ತಳ್ಳಿಹಾಕುತ್ತಿದ್ದೀರಿ. ಸರಿ, ಆದರೆ ವೇಷವೂ ಅಳತೆ ತಪ್ಪಿದರೆ ಕೋಡಂಗಿಯಾಗುತ್ತದೆ. ಬಡಾವಣೆಗಳಲ್ಲಿ ಕಾಣುವ "ರೋಮನ್ ಪಿಲ್ಲರ್" ಹತ್ತರಲ್ಲಿ ಎಂಟು ಯಾಕೆ ವಿಕಾರ ಅನ್ನೋದಕ್ಕೆ ಲೆಕ್ಕ ಇದೆ.

ಕಂಬದ ಎತ್ತರವನ್ನು ಬುಡದ ವ್ಯಾಸದಿಂದ ಅಳೆಯುತ್ತಾರೆ. ಕಂಬದ ಶೈಲಿಗಳಿಗೆ ರೂಢಿಯ ಪ್ರಮಾಣ: ಅಲಂಕಾರ ಕಡಿಮೆಯ ಟಸ್ಕನ್ 7 ಪಟ್ಟು, ಡೋರಿಕ್ 8, ಸುರುಳಿ ಬೋದಿಗೆಯ ಅಯಾನಿಕ್ 9, ಎಲೆ ಬೋದಿಗೆಯ ಕೊರಿಂಥಿಯನ್ 10. ಪೀಠ, ಬೋದಿಗೆ ಸೇರಿಸಿ. ಪ್ಯಾಂಥಿಯನ್ ಮುಂದಿನ 16 ಕಂಬಗಳು ಕೊರಿಂಥಿಯನ್. ನಡುವಿನ ದಿಂಡು ಈಜಿಪ್ಟಿನ ಗ್ರಾನೈಟಿನ ಒಂದೇ ಕಲ್ಲು, ಸುಮಾರು 11.8 ಮೀಟರ್, ವ್ಯಾಸ ಒಂದೂವರೆ ಮೀಟರ್ ಹತ್ತಿರ.

ಈಗ ನಮ್ಮ ಪೋರ್ಟಿಕೋ, ಎತ್ತರ 10 ಅಡಿ. ಕೊರಿಂಥಿಯನ್ ಬೇಕು ಅಂದರೆ ವ್ಯಾಸ ಒಂದೇ ಅಡಿ ಇರಬೇಕು. ಆದರೆ ಒಳಗೆ 9 ಇಂಚು × 12 ಇಂಚಿನ (230 × 300 ಎಂಎಂ) ಆರ್‌ಸಿಸಿ ಪಿಲ್ಲರ್ ಆಗಲೇ ನಿಂತಿದೆ. ಅದರ ಮೂಲೆಯಿಂದ ಮೂಲೆಗೆ 378 ಎಂಎಂ. ಅದನ್ನು ದುಂಡಗೆ ಮುಚ್ಚಿದರೆ 430 ಎಂಎಂ ಆಗಲೇಬೇಕು. 430ರ ಕೊರಿಂಥಿಯನ್‌ಗೆ ಎತ್ತರ 14 ಅಡಿ ಬೇಕು. 10 ಅಡಿಗೇ ನಿಲ್ಲಿಸಿ ಮೇಲೆ ಎಲೆಗಳ ಬೋದಿಗೆ ಕೂರಿಸಿದಾಗ ಕಾಣುವುದು ಪೇಟ ಸುತ್ತಿದ ಡ್ರಮ್ಮು.

ಇನ್ನೊಂದು ಎಡವಟ್ಟು. ನಿಜವಾದ ಕಂಬ ಮೇಲೆ ಸಣ್ಣಗಾಗುತ್ತದೆ. 15 ಅಡಿ ಒಳಗಿನ ಕಂಬಕ್ಕೆ ವಿಟ್ರೂವಿಯಸ್ ಲೆಕ್ಕ: ಬುಡ 6 ಪಾಲಾದರೆ ನೆತ್ತಿ 5 ಪಾಲು. ಬುಡ 430 ಇದ್ದರೆ ನೆತ್ತಿ 358. ಒಳಗಿನ ಪಿಲ್ಲರ್ 378! ಅಚ್ಚು ಮೇಲೆ ಕೂರುವುದಿಲ್ಲ. ಆಗ ಮೇಸ್ತ್ರಿ ಏನು ಮಾಡ್ತಾನೆ? ಪಿಲ್ಲರಿನ ಮೂಲೆ ಚಿಪ್ ಮಾಡ್ತಾನೆ, 40 ಎಂಎಂ ಕವರ್ ಹೋಯಿತು. ಇಲ್ಲವೇ ಸಣ್ಣಗಾಗದ ಪೈಪಿನ ಹಾಗೆ ನೇರ ಎಬ್ಬಿಸ್ತಾನೆ.

ದಾರಿ ಇದೆ. ಪ್ಲಾನ್ ಹಂತದಲ್ಲೇ ಪೋರ್ಟಿಕೋ ಪಿಲ್ಲರ್‌ಗಳನ್ನು 300 ಎಂಎಂ ದುಂಡಗೆ ಡಿಸೈನ್ ಮಾಡಿಸಿ. ದುಂಡು ಪಿಲ್ಲರಿಗೆ ಕನಿಷ್ಠ 6 ಕಂಬಿ, 12 ಎಂಎಂ. ಭಾರ ಎಷ್ಟು ಅಂತ ಎಂಜಿನಿಯರ್ ನೋಡಿ ಹೆಚ್ಚಿಸಲಿ. ಅದಕ್ಕೆ 25 ಎಂಎಂ ಜಿಆರ್‌ಸಿ (ಗಾಜಿನ ನಾರು ಬೆರೆಸಿದ ಕಾಂಕ್ರೀಟ್) ಕವಚ, 10 ಎಂಎಂ ಸಂದು. ನೆತ್ತಿಯಲ್ಲಿ 370 ಎಂಎಂ, ಬುಡದಲ್ಲಿ 444. ಏಳು ಪಟ್ಟು ಮಾಡಿ: 3.1 ಮೀಟರ್, ಹತ್ತು ಅಡಿಗಿಂತ ಚೂರು ಮೇಲೆ. ಅಂದರೆ 10 ಅಡಿ ಪೋರ್ಟಿಕೋಗೆ ಟಸ್ಕನ್ ಅಚ್ಚುಕಟ್ಟಾಗಿ ಕೂರುತ್ತದೆ, ಎಲೆ-ಸುರುಳಿಯ ಖರ್ಚೂ ಇಲ್ಲ. ಎರಡು ಅಂತಸ್ತಿನ ಎತ್ತರವಿದ್ದರೆ ಮಾತ್ರ ಅಯಾನಿಕ್, ಕೊರಿಂಥಿಯನ್ ಯೋಚಿಸಿ.

ಇಟ್ಟಿಗೆಸಾಲು

ಪ್ಯಾಂಥಿಯನ್ ಕಂಬದ ವಿಷಯ ಬಂದಿದ್ದಕ್ಕೆ: ಮುಖಮಂಟಪದ ಹಿಂದಿನ ಗೋಡೆಯಲ್ಲಿ ಇನ್ನೊಂದು ತ್ರಿಕೋನ ಮುಡಿಯ (ಪೆಡಿಮೆಂಟ್) ಗೆರೆ, ಈಗಿನದಕ್ಕಿಂತ ಮೇಲೆ ಕಾಣುತ್ತದೆ. ಮೊದಲು 50 ರೋಮನ್ ಅಡಿಯ ದಿಂಡುಗಳಿಗೆ ಯೋಜನೆ ಮಾಡಿ, ಅಷ್ಟು ದೊಡ್ಡವು ಸಿಗದೆ 40 ಅಡಿಯವಕ್ಕೆ ಇಳಿದರು ಎಂಬುದು ಒಂದು ಗಟ್ಟಿ ವಾದ. ಸೈಟಿಗೆ ಮಾಲು ಬರದೆ ಡ್ರಾಯಿಂಗ್ ಬದಲಾಗುವುದು ಆಗಲೂ ಇತ್ತು.

ಕ್ಯೂರಿಂಗ್21

ಕಂಬಕಟ್ಟು ಸರ್, ಪಿಓಪಿ ಬೋದಿಗೆ ಹೊರಗಡೆ ಹಾಕಬಹುದಾ? ಜಿಆರ್‌ಸಿ ದುಬಾರಿ.

ಕಂಬಕಟ್ಟು

ಬೇಡ. ಪಿಓಪಿ ನೀರು ಕುಡಿದರೆ ಮೆತ್ತಗಾಗುತ್ತದೆ. ಪೇಂಟ್ ಎಷ್ಟು ಕೋಟ್ ಹೊಡೆದರೂ ಕೂದಲೆಳೆ ಬಿರುಕು ಸಾಕು. ಒಳಗಿನ ಹಾಲ್‌ಗೆ ಸರಿ. ಹೊರಗೆ ಜಿಆರ್‌ಸಿ ಅಥವಾ ಸಿಮೆಂಟ್ ಎರಕ.

ಕೂರಿಸುವಾಗ ಎರಡು ಮಾತು. ಕವಚ ಮತ್ತು ಪಿಲ್ಲರಿನ ನಡುವಿನ ಸಂದಿಗೆ ಗಾರೆ ತುಂಬಬೇಡಿ. ತುಂಬಿದರೆ ಆರ್‌ಸಿಸಿ ಒಂದು ರೀತಿ ಹಿಗ್ಗಿ, ಕವಚ ಇನ್ನೊಂದು ರೀತಿ ಹಿಗ್ಗಿ, ಎರಡು ಅರ್ಧ ಸೇರುವ ಜೋಡಣೆಯಲ್ಲಿ ನೆಟ್ಟಗೆ ಸೀಳುತ್ತದೆ. ಸ್ಟೇನ್‌ಲೆಸ್ ಕ್ಲಾಂಪಿನಲ್ಲಿ ಹಿಡಿಸಿ, ಜೋಡಣೆಗೆ ಸೀಲಂಟ್. ಎರಡನೆಯದು, ಕಾರ್ನಿಸ್ ಅಡಿಯಲ್ಲಿ ನೀರು ತೊಟ್ಟಿಕ್ಕಲು ಕಚ್ಚು ಬಿಡಿ. ರೋಮನ್ ಕಾರ್ನಿಸ್ ಅಷ್ಟು ಮುಂದಕ್ಕೆ ಚಾಚಿದ್ದೇ ಗೋಡೆಯ ಮೇಲೆ ಮಳೆನೀರು ಹರಿಯದಿರಲಿ ಅಂತ. ಈಗ ಥರ್ಮಕೋಲ್ ಕಾರ್ನಿಸ್ ಅಂಟಿಸಿ ಕಚ್ಚು ಬಿಡದೆ, ಎರಡೇ ಮಳೆಗಾಲಕ್ಕೆ ಗೋಡೆಗೆ ಕಪ್ಪು ಗೆರೆ ತರಿಸಿಕೊಳ್ಳುತ್ತಾರೆ.

ಭಾರಪಥ

ಗುಮ್ಮಟ ಕಟ್ಟಿಸುವವರಿಗೆ ಇದು ಬೇಕಾಗುತ್ತದೆ. ದೇವಸ್ಥಾನ, ಮಸೀದಿ, ಕಲ್ಯಾಣ ಮಂಟಪ, ಎಲ್ಲಿಯಾದರೂ ಸರಿ. ರೋಮನ್ನರು 6 ಮೀಟರ್ ಗೋಡೆಯಿಂದ ತಡೆದ ನೂಕನ್ನು ನಾವು ಬುಡದ ಸುತ್ತ ಬಳೆಯಂತೆ ಓಡುವ ಒಂದು ರಿಂಗ್ ಬೀಮಿನಿಂದ ತಡೆಯುತ್ತೇವೆ. ಅದು ತಪ್ಪಿದರೆ ಎಲ್ಲ ತಪ್ಪಿತು.

ಉದಾಹರಣೆ: ವ್ಯಾಸ 6 ಮೀಟರ್, ನಡುವಿನ ಏರಿಕೆ 1 ಮೀಟರ್, ದಪ್ಪ 100 ಎಂಎಂ. ಗೋಳದ ತ್ರಿಜ್ಯ 5 ಮೀಟರ್ ಬರುತ್ತದೆ. ಸ್ವಂತ ತೂಕ, ಫಿನಿಶಿಂಗ್, ಜನ ಓಡಾಡುವ ಭಾರ ಎಲ್ಲ ಸೇರಿ ಚದರ ಮೀಟರಿಗೆ 400 ಕೆಜಿ ಹಿಡಿಯಿರಿ. ಒಟ್ಟು 12.6 ಟನ್. ಸುತ್ತಳತೆ 18.85 ಮೀಟರ್‌ಗೆ ಹಂಚಿದರೆ ಮೀಟರಿಗೆ 0.67 ಟನ್ ಕೆಳಕ್ಕೆ. ಬುಡದ ಇಳಿಜಾರಿನ ಪ್ರಕಾರ ಹೊರಕ್ಕೆ ನೂಕುವುದು ಅದರ 4/3 ಪಟ್ಟು, ಮೀಟರಿಗೆ 0.89 ಟನ್. ಇದನ್ನು ತ್ರಿಜ್ಯ 3ರಿಂದ ಗುಣಿಸಿ: ರಿಂಗ್ ಬೀಮಿನಲ್ಲಿ 2.7 ಟನ್ ಎಳೆತ. ಕಂಬಿಗೆ 130 ನ್ಯೂಟನ್ ಪ್ರತಿ ಚದರ ಎಂಎಂ ಹಿಡಿದರೆ 205 ಚದರ ಎಂಎಂ ಬೇಕು. ಎರಡು 12 ಎಂಎಂ ಕಂಬಿ ಅಂದರೆ 226. ಸಾಮಾನ್ಯವಾಗಿ ನಾಲ್ಕು ಹಾಕಿ 8 ಎಂಎಂ ರಿಂಗು ಕಟ್ಟುತ್ತಾರೆ, ಒಳ್ಳೆಯದೇ.

ಕೆಡುವುದು ಕಂಬಿಯ ಸಂಖ್ಯೆಯಲ್ಲಿ ಅಲ್ಲ, ಲ್ಯಾಪಿನಲ್ಲಿ (ಕಂಬಿಯ ಪಕ್ಕ ಕಂಬಿ ಹಾಯಿಸಿ ಜೋಡಿಸುವ ಜಾಗ). ತಾರಸಿ ಬೀಮಿನ ರೂಢಿಯಲ್ಲಿ ಕಂಬಿ ವ್ಯಾಸದ 50 ಪಟ್ಟು, ಅಂದರೆ 600 ಎಂಎಂ ಲ್ಯಾಪ್ ಕೊಟ್ಟು ಮುಗಿಸುತ್ತಾರೆ. ಇದು ನೇರ ಎಳೆತದ ಸದಸ್ಯ. ಐಎಸ್ 456 ಇಲ್ಲಿ ಹಿಡಿತದ ಉದ್ದದ ಎರಡು ಪಟ್ಟು ಕೇಳುತ್ತದೆ. ಎಂ20 ಕಾಂಕ್ರೀಟ್, ಎಫ್‌ಇ500 ದರ್ಜೆಯ ಉಕ್ಕಾದರೆ 12 ಎಂಎಂ ಕಂಬಿಗೆ ಸುಮಾರು 1.36 ಮೀಟರ್. ಮೇಲಾಗಿ ನಾಲ್ಕೂ ಕಂಬಿಯ ಲ್ಯಾಪ್ ಒಂದೇ ಜಾಗಕ್ಕೆ ಬರಬಾರದು. ಬಂದರೆ ಬಳೆ ಒಡೆಯುವುದು ಅಲ್ಲೇ. ಇದು ಬರೀ ಉದಾಹರಣೆ ಲೆಕ್ಕ, ನಿಮ್ಮ ಗುಮ್ಮಟಕ್ಕೆ ಎಂಜಿನಿಯರ್ ಸಹಿ ಬೇಕು.

ಸೇಂಟ್ ಪೀಟರ್ಸ್ ಗುಮ್ಮಟಕ್ಕೂ ಇದೇ ರೋಗ ಬಂದಿತ್ತು. ಬಿರುಕು ನೋಡಿ 1743ರ ಸುಮಾರಿಗೆ ಪೊಲೇನಿ ಎಂಬ ಗಣಿತಜ್ಞ ಲೆಕ್ಕ ಹಾಕಿ, ಸುತ್ತ ಐದು ಕಬ್ಬಿಣದ ಸರಪಳಿ ಬಿಗಿಸಿದರು. ರಿಂಗ್ ಬೀಮಿನ ಅಜ್ಜ.

ಇಟ್ಟಿಗೆಸಾಲು

ಕಮಾನಿಗೂ ಇದೇ ಕಥೆ, ಇನ್ನೂ ಸುಲಭ ಲೆಕ್ಕ. ನೂಕು ಎಂದರೆ ಮೀಟರಿನ ಭಾರ × ಅಗಲದ ವರ್ಗ ÷ ಏರಿಕೆಯ 8 ಪಟ್ಟು. ಅಗಲ 3 ಮೀಟರ್, ಮೇಲೆ ಮೀಟರಿಗೆ 1 ಟನ್ ಗೋಡೆ. ಪೂರ್ತಿ ಅರ್ಧವೃತ್ತವಾದರೆ ಏರಿಕೆ 1.5 ಮೀಟರ್, ನೂಕು 0.75 ಟನ್. ನೋಡಲು ಚೆಂದ ಅಂತ ಏರಿಕೆಯನ್ನು ಅರ್ಧ ಮೀಟರಿಗೆ ಇಳಿಸಿದರೆ 2.25 ಟನ್, ಮೂರು ಪಟ್ಟು. ರೋಮನ್ನರು ಅರ್ಧವೃತ್ತವನ್ನು ಅಷ್ಟು ನೆಚ್ಚಿಕೊಂಡದ್ದು ಸುಮ್ಮನೆ ಅಲ್ಲ. ಸಾಲು ಕಮಾನುಗಳಲ್ಲಿ ನಡುವಿನ ನೂಕುಗಳು ಒಂದನ್ನೊಂದು ತಿಂದುಹಾಕುತ್ತವೆ. ಕೊನೆಯ ಕಮಾನಿನದ್ದು ಮಾತ್ರ ಗೋಡೆಯ ತುದಿಗೆ ಬೀಳುತ್ತದೆ. ಕಮಾನಿನ ಕಿಟಕಿಯನ್ನು ಮನೆಯ ಮೂಲೆಗೆ ಒಂದೂವರೆ ಅಡಿ ಬಿಟ್ಟು ಇಟ್ಟರೆ ಮೂಲೆ ಹೊರಕ್ಕೆ ಸರಿಯುವುದು ಇದರಿಂದ.

ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ 1950-51ರಲ್ಲಿ ರೋಮ್‌ನಲ್ಲಿದ್ದು ಅಲ್ಲಿನ ಪಾಳುಗೋಡೆಗಳನ್ನು ನೋಡಿ ಬಂದವನು. ಅಹಮದಾಬಾದಿನ ಐಐಎಂನಲ್ಲಿ ಅವನು ಮಾಡಿದ್ದು ನೋಡಿ: ಏರಿಕೆ ಕಡಿಮೆಯ ಇಟ್ಟಿಗೆ ಕಮಾನು, ಅದರ ಎರಡು ಬುಡವನ್ನು ಹಿಡಿದು ಕಟ್ಟುವ ಆರ್‌ಸಿಸಿ ಅಡ್ಡಪಟ್ಟಿ. ಇಟ್ಟಿಗೆ ಒತ್ತಡ ಹೊರುತ್ತದೆ, ಪಟ್ಟಿಯೊಳಗಿನ ಕಂಬಿ ಎಳೆತ ಹೊರುತ್ತದೆ. ಎರಡನ್ನೂ ಮುಚ್ಚಿಟ್ಟಿಲ್ಲ. ಪ್ಯಾಂಥಿಯನ್ ಹೊರಗೋಡೆಯಲ್ಲಿ ಹುದುಗಿರುವ ದೊಡ್ಡ ಇಟ್ಟಿಗೆ ಕಮಾನುಗಳ ನೇರ ಸಂತಾನ. ಇಂಥ ಕಟ್ಟಡದಲ್ಲಿ ಕಣ್ಣಿಡಬೇಕಾದ್ದು ಅಡ್ಡಪಟ್ಟಿಯ ತುದಿ: ಪ್ಲಾಸ್ಟರ್ ಇಲ್ಲದ ಇಟ್ಟಿಗೆ ಮಳೆ ಕುಡಿದು ಆ ತೇವವನ್ನು ಕಂಬಿಗೆ ದಾಟಿಸುತ್ತದೆ.

ಇಟ್ಟಿಗೆ ಕಮಾನು ಕಟ್ಟುವವರಿಗೆ: ಎರಡೂ ಕಡೆಯಿಂದ ಸಮ ಸಮವಾಗಿ ಏರಿಸಿ, ನೆತ್ತಿಯ ಕೀಲುಗಲ್ಲನ್ನು ಕೊನೆಗೆ ಬಿಗಿಯಾಗಿ ಹೊಡೆಯಿರಿ. ಸೆಂಟ್ರಿಂಗ್ ಅಡಿಯಲ್ಲಿ ಜೋಡಿ ಬೆಣೆ ಇರಲಿ. ಬಿಚ್ಚುವಾಗ ಮೊದಲ ದಿನ ಬೆಣೆ ಚೂರೇ ಸಡಿಲಿಸಿ, ಕಮಾನು ಕೂತುಕೊಳ್ಳಲು ಬಿಟ್ಟು, ಆಮೇಲೆ ಕಳಚಿ.

ಒಳಗುಮ್ಮಟ

ಕ್ರೀಡಾಂಗಣದ್ದು ಬೇಗ ಮುಗಿಸ್ತೀನಿ. ಕೊಲೋಸಿಯಂ, ಕ್ರಿ.ಶ. 80ರಲ್ಲಿ ಉದ್ಘಾಟನೆ. ನೆಲಮಟ್ಟದಲ್ಲಿ 80 ಕಮಾನು ಬಾಗಿಲು. ಅದರಲ್ಲಿ 76ಕ್ಕೆ ಕೆತ್ತಿದ ಸಂಖ್ಯೆ, ಉಳಿದ ನಾಲ್ಕು ಗಣ್ಯರಿಗೆ, ಆಟದವರಿಗೆ. ಉತ್ತರ ಬದಿಯಲ್ಲಿ 23ರಿಂದ 54ರ ತನಕದ ಅಂಕಿಗಳು ಈಗಲೂ ಕಾಣುತ್ತವೆ. ಗೇಟ್ ನಂಬರ್, ಮೆಟ್ಟಿಲು, ಸುತ್ತು ಪಡಸಾಲೆ, ಅಲ್ಲಿಂದ ಸೀಟಿನ ನಡುವೆ ತೆರೆದುಕೊಳ್ಳುವ ಬಾಯಿ: ಇವತ್ತಿನ ಯಾವ ಸ್ಟೇಡಿಯಂ ನಕ್ಷೆ ತೆಗೆದರೂ ಇದೇ ಕ್ರಮ. ಆಕಾರ ಕದಿಯದೆ ವ್ಯವಸ್ಥೆಯನ್ನು ಮಾತ್ರ ಎತ್ತಿಕೊಂಡ ಅಪರೂಪದ ಉದಾಹರಣೆ.

ಭಾರಪಥ ಅವರೇ, ಪ್ಯಾಂಥಿಯನ್ ಒಳಮೈಯ 140 ಗುಳಿಚೌಕಗಳ ಬಗ್ಗೆ ಬರೆಯಲಿಲ್ಲ.

ಭಾರಪಥ

28ರ ಐದು ಸಾಲು, ಹೌದು. ತೂಕ ಇಳಿಸಲೆಂದೇ ತೋಡಿದ್ದು ಅಂತ ಎಲ್ಲರೂ ಬರೆಯುತ್ತಾರೆ. ಇಳಿದದ್ದು ನಿಜ, ಆದರೆ ಹಗುರ ಜಲ್ಲಿ ಮತ್ತು ಸಣ್ಣಗಾಗುವ ದಪ್ಪ ಮಾಡಿದ ಕೆಲಸದ ಮುಂದೆ ಅದು ಸಣ್ಣದು. ಗುಳಿಚೌಕಕ್ಕೆ ನಿಜವಾದ ರಚನೆಯ ಕೆಲಸ ಸಿಕ್ಕಿದ್ದು ಕಂಬಿ ಬಂದ ಮೇಲೆ, ವಾಫಲ್ ಸ್ಲ್ಯಾಬಿನಲ್ಲಿ. ಕೆಳಭಾಗದ ಕಾಂಕ್ರೀಟ್ ಹೇಗೂ ಎಳೆತಕ್ಕೆ ಉಪಯೋಗವಿಲ್ಲ. ಅದನ್ನು ತೆಗೆದು, ಕಂಬಿ ಇರುವ ಜಾಗದಲ್ಲಿ ಮಾತ್ರ ಪಕ್ಕೆಲುಬು ಉಳಿಸುವುದು. ಪಕ್ಕೆಲುಬಿನ ಅಗಲ 65 ಎಂಎಂಗಿಂತ ಕಮ್ಮಿ ಬೇಡ, ನಡುವಿನ ದೂರ 1.5 ಮೀಟರ್ ಮೀರಬಾರದು, ಆಳ ಅಗಲದ ನಾಲ್ಕು ಪಟ್ಟು ಮೀರಬಾರದು. ಪಿಲ್ಲರ್ ಸುತ್ತ ಗುಳಿ ಬಿಡದೆ ಪೂರ್ತಿ ತುಂಬಬೇಕು, ಇಲ್ಲವಾದರೆ ಪಿಲ್ಲರ್ ತಾರಸಿಯನ್ನು ತೂತು ಮಾಡಿಕೊಂಡು ಮೇಲೆ ಬರುತ್ತದೆ.

ಇದರ ಅತಿ ಚೆಂದದ ರೂಪ ರೋಮ್‌ನಲ್ಲೇ ಇದೆ: ಇಟಲಿಯ ಎಂಜಿನಿಯರ್ ಪಿಯರ್ ಲುಯಿಜಿ ನೆರ್ವಿಯ ಒಳಾಂಗಣ ಕ್ರೀಡಾಂಗಣ ಪಲಾಟ್ಸೆತ್ತೊ ಡೆಲ್ಲೊ ಸ್ಪೋರ್ಟ್, 1957. ವ್ಯಾಸ ಸುಮಾರು 60 ಮೀಟರ್, ಮೊದಲೇ ಎರಕ ಹೊಯ್ದ ಫೆರೊಸಿಮೆಂಟ್ (ತಂತಿ ಬಲೆಗೆ ಗಾರೆ ಮೆತ್ತಿದ) ತುಂಡುಗಳ ಹೆಣಿಗೆ. ಸುತ್ತ ವೈ ಆಕಾರದ 36 ಕಾಲುಗಳು ಇಳಿಜಾರಾಗಿ ನಿಂತು ನೂಕನ್ನು ಅದು ಬರುವ ದಿಕ್ಕಿನಲ್ಲೇ ಹಿಡಿಯುತ್ತವೆ. ಪ್ಯಾಂಥಿಯನ್ ಗೋಡೆಯೊಳಗೆ ಕಾಣದೆ ಇದ್ದ ಒತ್ತಡದ ದಾರಿಯನ್ನು ನೆರ್ವಿ ಹೊರಗೆ ಎಳೆದು ತೋರಿಸಿದ.

ಸುಣ್ಣದಗೂಡು

ಬೆಂಗಳೂರಿನ ಅಠಾರಾ ಕಚೇರಿಯಂಥ, 1860ರ ದಶಕದ ಅಯಾನಿಕ್ ಕಂಬಗಳ ಕೆಂಪು ಕಟ್ಟಡಗಳ ಕಾಲದ ಮನೆ, ಶಾಲೆಗಳನ್ನು ದುರಸ್ತಿ ಮಾಡುವವರಿಗೆ ಒಂದು ಮಾತು ಸೇರಿಸುತ್ತೇನೆ. ಸುಣ್ಣದ ಗಾರೆಯ ಇಟ್ಟಿಗೆ ಕಂಬಕ್ಕೆ ಸಿಮೆಂಟ್ ಪ್ಲಾಸ್ಟರ್ ತೇಪೆ ಹಾಕಬೇಡಿ. ಗೋಡೆಯ ತೇವ ಹೊರಹೋಗಲು ದಾರಿ ಸಿಗದೆ, ಉಪ್ಪು ತೇಪೆಯ ಹಿಂದೆ ಹರಳುಗಟ್ಟಿ, ಇಟ್ಟಿಗೆಯ ಮುಖವನ್ನೇ ಸಿಪ್ಪೆ ಎದ್ದಂತೆ ಎಬ್ಬಿಸುತ್ತದೆ. ಅರಳಿಸಿದ ಸುಣ್ಣ 1, ಸುರ್ಕಿ 2; ಅಥವಾ ಸುಣ್ಣ, ಸುರ್ಕಿ, ಮರಳು ಒಂದೊಂದು ಪಾಲು. ಒಂದು ಸಲಕ್ಕೆ 10-12 ಎಂಎಂ ಮೀರಬೇಡಿ, ಗೋಡೆಯನ್ನು ಮೊದಲು ಚೆನ್ನಾಗಿ ನೆನೆಸಿ, ಕನಿಷ್ಠ ಒಂದು ವಾರ ತೇವ ಆರದಂತೆ ಗೋಣಿತಟ್ಟು ಕಟ್ಟಿ.

ಸುರ್ಕಿಗೆ ಕಣ್‌ಕಣ್ ಅನ್ನುವ ಗಟ್ಟಿ ಇಟ್ಟಿಗೆ ಕುಟ್ಟಬೇಡಿ. ಅತಿಯಾಗಿ ಬೆಂದ ಮಣ್ಣು ಸುಣ್ಣದ ಜೊತೆ ಕೂಡುವುದಿಲ್ಲ, ಬರೀ ಮರಳಾಗಿ ಉಳಿಯುತ್ತದೆ. 600-800 ಡಿಗ್ರಿಯಲ್ಲಿ ಬೆಂದದ್ದು ಬೇಕು, ಅಂದರೆ ಗೂಡಿನ ಅಂಚಿನ ಮೆತ್ತನೆ ಇಟ್ಟಿಗೆ. ಹಸಿಯೂ ಆಗಿರಬಾರದು.

ಕ್ಯೂರಿಂಗ್21

ಕೊನೇ ಪ್ರಶ್ನೆ. ಪ್ಯಾಂಥಿಯನ್ ನೆತ್ತಿಯ ಕಿಂಡಿಗೆ ಗಾಜಿಲ್ಲವಲ್ಲ, ಮಳೆ ಬಂದರೆ?

ಒಳಗುಮ್ಮಟ

ಒಳಗೆ ಬೀಳುತ್ತದೆ. ನೆಲ ನಡುವೆ ಚೂರು ಉಬ್ಬಿದೆ, ಕಲ್ಲಿನಲ್ಲಿ 22 ಸಣ್ಣ ತೂತುಗಳಿವೆ, ನೀರು ಅಡಿಯ ಮೋರಿಗೆ ಇಳಿಯುತ್ತದೆ. ಕಂಬಕಟ್ಟು ಅವರೇ, ನಿಮ್ಮ ಕವಚದ ಬುಡದಲ್ಲೂ ನೀರಿಗೊಂದು ತೂತು ಬೇಕಲ್ಲವೇ?

ಕಂಬಕಟ್ಟು

ಬೇಕೇ ಬೇಕು, ಬರೆಯಲು ಮರೆತೆ. ಪೀಠದ ಹಿಂಬದಿಯಲ್ಲಿ 10 ಎಂಎಂನ ಎರಡು ತೂತು, ನೆಲದ ಟೈಲ್ ಮಟ್ಟಕ್ಕಿಂತ ಒಂದು ಇಂಚು ಮೇಲೆ. ಟೈಲ್ ಹಾಕುವವರು ಅದನ್ನು ಗ್ರೌಟ್ ಹಾಕಿ ಮುಚ್ಚದಂತೆ ನಿಂತು ನೋಡಿಕೊಳ್ಳಿ.